ದಾರಂದ ಬದಲಿಸುವ ಮೊದಲು ಗೆದ್ದಲಿನ ದಾರಿ ಹುಡುಕಿ

ದಾರಂದ (ಬಾಗಿಲಿನ ಚೌಕಟ್ಟು) ಹೋಗಿದೆ, ಹೊಸದು ಹಾಕಿಕೊಡಿ ಎಂದು ತೀರ್ಥಹಳ್ಳಿ ಸುತ್ತಿನ ಮನೆಗಳಿಂದ ನನಗೆ ಫೋನ್ ಬರುತ್ತಲೇ ಇರುತ್ತದೆ. ಹೋದ ಕೂಡಲೇ ನಾನು ಕೇಳುವುದು, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ. ಬಡಗಿಗೆ ಬಚ್ಚಲ ಚಿಂತೆ ಯಾಕೆ ಎಂದು ಮನೆಯವರು ಮುಖ ನೋಡುತ್ತಾರೆ. ನಮ್ಮ ಕಡೆ ಮನೆ ತಿನ್ನುವ ಗೆದ್ದಲಿನ ಗೂಡು ಹೆಚ್ಚಾಗಿ ಇರುವುದು ಮಣ್ಣಿನಲ್ಲಿ. ಮರ ಅದಕ್ಕೆ ಊಟ ಅಷ್ಟೆ. ಒದ್ದೆ ಮಣ್ಣು, ಅಲ್ಲಿಂದ ಮರಕ್ಕೆ ಹತ್ತುವ ದಾರಿ, ಎರಡನ್ನೂ ಹಾಗೇ ಬಿಟ್ಟು ಹೊಸ ದಾರಂದ ಕೂರಿಸಿದರೆ ನನಗೆ ಇನ್ನೊಂದು ಸಲ ಕೆಲಸ ಸಿಗುತ್ತದೆ, ನಿಮಗೆ ಇನ್ನೊಂದು ಸಲ ಖರ್ಚು.

ಮೊದಲು, ತಿನ್ನುತ್ತಿರುವುದು ಯಾರು ಅಂತ ಗೊತ್ತಾಗಬೇಕು. ಮರದಲ್ಲಿ ಸಣ್ಣ ದುಂಡು ತೂತು, ಕೆಳಗೆ ತೀರಾ ನುಣುಪು ಪುಡಿ ಇದ್ದರೆ ಅದು ಕೊರಕ ದುಂಬಿ. ಬಿದಿರು, ಸಿಲ್ವರ್ ಓಕ್, ಯಾವುದೇ ಮರದ ಬಿಳಿ ಭಾಗ ಅದಕ್ಕೆ ಇಷ್ಟ. ಗಸಗಸೆಯಂಥ ಒಂದೇ ಅಳತೆಯ ಗಟ್ಟಿ ಕಾಳು ಉದುರಿದ್ದು, ಎಲ್ಲೂ ಮಣ್ಣು ಕಾಣದಿದ್ದರೆ ಅದು ಒಣ ಮರದೊಳಗೇ ಸಂಸಾರ ಹೂಡುವ ಗೆದ್ದಲು. ಇವೆರಡಕ್ಕೂ ನೆಲಕ್ಕೆ ಔಷಧಿ ಸುರಿದು ಪ್ರಯೋಜನವಿಲ್ಲ, ಮರಕ್ಕೇ ಮದ್ದು ಆಗಬೇಕು. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದ್ದರೆ, ಒಡೆದ ಮರದ ಒಳಗೆ ಮಣ್ಣು ಮೆತ್ತಿದ್ದರೆ ಅದು ನಮ್ಮ ನೆಲದ ಗೆದ್ದಲು. ಈ ಬರಹ ಅದರ ಬಗ್ಗೆ.

ಮಣ್ಣಿನ ಗೆರೆ ಕಂಡ ತಕ್ಷಣ ಪೊರಕೆ ತರಬೇಡಿ. ಮಧ್ಯದಲ್ಲಿ ಒಂದು ಇಂಚು ಮಾತ್ರ ಕೆರೆದು ಬಿಡಿ. ಎರಡು ಮೂರು ದಿನದಲ್ಲಿ ಅಲ್ಲಿ ಹಸಿ ಮಣ್ಣು ಮೆತ್ತಿದ್ದರೆ ಓಡಾಟ ನಡೆದಿದೆ. ಮೆತ್ತದಿದ್ದರೆ ಹೋಗಿವೆ ಅಂತ ಅರ್ಥವಲ್ಲ, ಬೇರೆ ದಾರಿ ಹಿಡಿದಿರಬಹುದು. ಉಳಿದ ಗೆರೆ ಹಾಗೇ ಇರಲಿ. ಎಲ್ಲಿಂದ ಎದ್ದು ಎಲ್ಲಿಗೆ ಹೋಗಿದೆ ಎಂದು ಹೇಳುವ ಸಾಕ್ಷಿ ಅದೊಂದೇ.

ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಮನೆ ಸುತ್ತಿ. ಹಿಡಿಯಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದಲ್ಲಿ ತುದಿಯಿಂದ ಚುಚ್ಚಿ ನೋಡಿ. ಮೇಲೆ ಪೇಂಟ್ ಹೊಳೆಯುತ್ತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ದಾರಂದದ ಬುಡ, ಬಚ್ಚಲ ಹಿಂದಿನ ಗೋಡೆ, ಸ್ವಿಚ್‌ಬೋರ್ಡಿನ ಹಳೇ ಮರದ ಪೆಟ್ಟಿಗೆ, ಗೋಡೆಗೆ ಅಂಟಿಸಿಟ್ಟ ಬೀರು, ಅಟ್ಟದ ಮೇಲಿನ ಪುಸ್ತಕದ ರಟ್ಟಿನ ಡಬ್ಬಿ, ಎಲ್ಲಾ ನೋಡಿ. ಹೆಂಚಿನ ಮನೆಯಾದರೆ ಪಕಾಸೆಗಳು (ಚಾವಣಿಯ ಇಳಿಜಾರು ಮರಗಳು) ಗೋಡೆ ಮೇಲೆ ಕೂರುವ ಜಾಗಕ್ಕೆ ಟಾರ್ಚ್ ಬಿಡಲೇಬೇಕು. ಅಲ್ಲಿ ಹೆಂಚು ಒಡೆದು ಸೋರಿದರೆ ಮಣ್ಣಿನ ಗೋಡೆ ಮೇಲಿನವರೆಗೂ ತಂಪಾಗಿರುತ್ತದೆ, ಗೆದ್ದಲು ಗೋಡೆಯೊಳಗಿನಿಂದಲೇ ಹತ್ತುತ್ತದೆ. ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ.

ಮುಂಗಾರಿನ ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆ ಹುಳ ಗೊತ್ತಲ್ವಾ? ಅವು ಹೊರಗಿಂದ ಬಂದರೆ ಚಿಂತೆ ಬೇಡ. ಮನೆಯೊಳಗಿನ ಬಿರುಕಿನಿಂದ, ನೆಲದ ಸಂದಿಯಿಂದ ಎದ್ದರೆ ಮಾತ್ರ ಗೂಡು ಕಾಲಡಿಯಲ್ಲೇ ಇದೆ. ರೆಕ್ಕೆ ಇರುವೆಯೂ ಇದೇ ಸಮಯಕ್ಕೆ ಹಾರುತ್ತದೆ. ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆ ಉದ್ದ, ಮೀಸೆ ಮಡಚಿರುತ್ತದೆ. ಗೆದ್ದಲಿಗೆ ಸೊಂಟವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಉದ್ದ. ಇನ್ನೊಂದು ಗುರುತು ನಮ್ಮವರಿಗೆ ಮಾತ್ರ ಹೊಳೆಯುವಂಥದ್ದು. ಮಳೆಗಾಲದಲ್ಲಿ ಹುತ್ತದ ಅಣಬೆ ಏಳುವುದು ಗೆದ್ದಲು ನೆಲದೊಳಗೆ ಬೆಳೆಸುವ ಬೂಷ್ಟಿನ ತೋಟದಿಂದ. ಅದೇ ಅಣಬೆ ನಿಮ್ಮ ಗೋಡೆ ಬುಡದಲ್ಲಿ ಎದ್ದರೆ ಕೆಳಗೆ ಗೂಡಿದೆ ಅಂತಲೇ ಲೆಕ್ಕ. ಔಷಧಿ ಹಾಕಿದ ಜಾಗದ ಅಣಬೆಯನ್ನು ಮಾತ್ರ ದಯವಿಟ್ಟು ಸಾರಿಗೆ ಹಾಕಬೇಡಿ.

ಮದ್ದಿಗಿಂತ ಮೊದಲು ನೀರು. ಬಚ್ಚಲ ಪೈಪ್ ಸೋರುತ್ತಿದ್ದರೆ ಸರಿ ಮಾಡಿಸಿ. ಸೂರಿನ ನೀರು ಗೋಡೆ ಬುಡಕ್ಕೆ ಬೀಳದಂತೆ ನೀರು ಸಾಗಿಸುವ ದೋಣಿ ಹಾಕಿ. ಗೋಡೆಗೆ ಒರಗಿಸಿದ ಸೌದೆ, ದರಕಿನ (ಒಣ ಎಲೆಯ) ರಾಶಿ, ಹಳೇ ಅಡಿಕೆ ದಬ್ಬೆ ಎಲ್ಲಾ ದೂರ ಹೋಗಲಿ. ನಾನು ಹೋಗುವ ಎಷ್ಟೋ ಮನೆಗಳಲ್ಲಿ ಸೌದೆ ಕೊಟ್ಟಿಗೆಗೂ ಅಡುಗೆಮನೆಗೂ ಒಂದೇ ಗೋಡೆ. ಅಂಥಲ್ಲಿ ಸೌದೆಯನ್ನು ಕಲ್ಲಿನ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಒಟ್ಟಿ.

ಸೀಮೆಎಣ್ಣೆ, ಉಪ್ಪುನೀರು, ಸುಟ್ಟ ಆಯಿಲ್? ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ವಾಸನೆ ಹೋದ ಮೇಲೆ ಉಳಿದವು ವಾಪಸ್ ಬರುತ್ತವೆ. ಉಳಿದದ್ದರ ಕಥೆಯೂ ಅಷ್ಟೆ.

ನೆಲಕ್ಕೆ ಹಾಕುವ ಔಷಧಿಯಲ್ಲಿ ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು. ಕ್ಲೋರ್‌ಪೈರಿಫಾಸ್ 20 ಇಸಿ (ಡಬ್ಬಿ ಮೇಲಿನ ಈ ಅಂಕಿ, ಅಕ್ಷರ ಔಷಧಿಯ ಸಾಂದ್ರತೆ, ಬಗೆ ಹೇಳುತ್ತವೆ) ಆದರೆ 1 ಲೀಟರಿಗೆ 19 ಲೀಟರ್ ನೀರು. ವಾಸನೆ ಜಾಸ್ತಿ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿಲಿ. ಇದರ ಸುಳಿವು ಗೆದ್ದಲಿಗೆ ಸಿಗುವುದಿಲ್ಲ, ಅದರಲ್ಲೇ ಓಡಾಡಿ ಒಂದಕ್ಕೊಂದು ಅಂಟಿಸಿಕೊಳ್ಳುತ್ತವೆ. ಫಲ ಕಾಣಲು ಕೆಲವು ವಾರ ಬೇಕು. ನನಗೆ ವಾಸದ ಮನೆಗೆ ಎರಡನೆಯದೇ ವಾಸಿ. ಡಬ್ಬಿ ಮೇಲಿನ ಅಳತೆ ಓದಿ, ಅದೇ ಕೊನೆಯ ಮಾತು.

ಕಟ್ಟಿದ ಮನೆಗೆ ಮಾಡುವ ಕ್ರಮ ಗೆದ್ದಲು ತಡೆಯ ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗದಲ್ಲಿದೆ. ಒಳಗೆ ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ 12 ಮಿಲಿಮೀಟರ್ ತೂತು, ಅಡಿಗೊಂದರಂತೆ, ಮಣ್ಣು ಮುಟ್ಟುವವರೆಗೆ. ಪ್ರತಿ ತೂತಿಗೆ ಔಷಧಿ ಇಳಿಯುವಷ್ಟು, ಹೆಚ್ಚೆಂದರೆ 1 ಲೀಟರ್. ಆಮೇಲೆ ಸಿಮೆಂಟ್ ಹಾಕಿ ಮುಚ್ಚಬೇಕು. ಹೊರಗೆ ಗೋಡೆ ಬುಡದ ಮಣ್ಣಿನಲ್ಲಿ ಅರ್ಧ ಅಡಿಗೊಂದು, ಒಂದಡಿ ಆಳದ ತೂತು ಮಾಡಿ ಇಳಿಸಬೇಕು. ತೂತು ಕೊರೆಯುವ ಮೊದಲು ಕರೆಂಟಿನ ವೈರು, ನೀರಿನ ಪೈಪು ಎಲ್ಲಿದೆ ಎಂದು ನೋಡಿಕೊಳ್ಳಿ. ಮಣ್ಣಿನ ಗೋಡೆಯಾದರೆ ಗೋಡೆಗೆ ಕೊರೆದು ಸುರಿಯುವ ಕೆಲಸ ಬೇಡವೇ ಬೇಡ, ಗೋಡೆಯೇ ಕರಗುತ್ತದೆ.

ಮಲೆನಾಡಿನಲ್ಲಿ ದೊಡ್ಡ ತೊಡಕು ಬಾವಿಯದು. ಅಡುಗೆಮನೆ ಗೋಡೆಗೆ ತಾಗಿಯೇ ಬಾವಿ ಇರುವ ಮನೆಗಳು ಎಷ್ಟೋ ಇವೆ. ಆ ಬದಿಯ ಮಣ್ಣಿಗೆ ಯಾವ ಔಷಧಿಯನ್ನೂ ಹಾಕಿಸಬೇಡಿ. ಅಲ್ಲಿ ಮರಕ್ಕೆ ಮದ್ದು, ಬುಡಕ್ಕೆ ಕಲ್ಲು, ಅಷ್ಟರಲ್ಲೇ ಸುಧಾರಿಸಬೇಕು. ಮಳೆಗಾಲದಲ್ಲೂ ಈ ಕೆಲಸ ಬೇಡ. ನೀರು ಕುಡಿದ ನೆಲ ಔಷಧಿ ಎಳೆಯುವುದಿಲ್ಲ, ಅದು ಹರಿದು ತೋಟಕ್ಕೋ ಹಳ್ಳಕ್ಕೋ ಸೇರುತ್ತದೆ. ಕ್ಲೋರ್‌ಪೈರಿಫಾಸ್ ಮೀನಿಗೆ ವಿಷ, ಇಮಿಡಾಕ್ಲೋಪ್ರಿಡ್ ಜೇನಿಗೆ ವಿಷ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ. ಕೈಗವಸು, ಮಾಸ್ಕ್ ಇಲ್ಲದೆ ಡಬ್ಬಿ ಮುಟ್ಟಬೇಡಿ. ನೆಲ ಒಣಗುವವರೆಗೆ ಮಕ್ಕಳು, ನಾಯಿ, ದನ ಹತ್ತಿರ ಬರಬಾರದು.

ಕೊರೆಯುವ ಕೆಲಸಕ್ಕೆ ಪರವಾನಗಿ ಇರುವವರನ್ನೇ ಕರೆಯಿರಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ನನ್ನ ಗಿರಾಕಿಯೊಬ್ಬರ ಮನೆಗೆ ಬಂದವರು ಬೆನ್ನಿಗೆ ಪಂಪ್ ಹಾಕಿಕೊಂಡು ಬಾಗಿಲು, ಕಿಟಕಿಗೆ ಸಿಂಪಡಿಸಿ ದುಡ್ಡು ತಗೊಂಡು ಹೋಗಿದ್ದರು. ಒಂದು ತೂತೂ ಕೊರೆದಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಗೆದ್ದಲು ಅದೇ ಬಾಗಿಲಿಗೆ ಹಾಜರ್. "ಆಚಾರ್ರೇ, ಔಷಧಿ ಹೊಡೆಸಿದ್ವಲ್ಲ?" ಅಂತ ಯಜಮಾನರು ನನ್ನನ್ನು ಕೇಳಿದರು. ಅದಕ್ಕೇ ಹೇಳುವುದು: ಯಾವ ಔಷಧಿ, ಎಷ್ಟು ಪ್ರಮಾಣ ಅಂತ ಮೊದಲೇ ಕೇಳಿ. ಸೀಲ್ ಡಬ್ಬಿ ನಿಮ್ಮೆದುರೇ ಒಡೆಯಲಿ. ಗ್ಯಾರಂಟಿ ಬಾಯಿಮಾತಿನದು ಬೇಡ, ಬರೆದು ಕೊಡಲಿ.

ಇಷ್ಟಾದ ಮೇಲೆ ನನ್ನ ಕೆಲಸ. ದಾರಂದ ಪೂರ್ತಿ ಕೀಳಬೇಕಾಗಿ ಬರುವುದು ಕಡಿಮೆ. ಬುಡದ ಒಂದಡಿ, ಒಂದೂವರೆ ಅಡಿ ತಿಂದಿದ್ದರೆ ಗಟ್ಟಿ ಮರ ಸಿಗುವವರೆಗೆ ಕೊಯ್ದು, ಹೊಸ ತುಂಡು ಜೋಡಿಸಬಹುದು. ಆ ತುಂಡನ್ನು ಮಣ್ಣಿಗೆ ಹೂಳದೆ ನೆಲಕ್ಕಿಂತ ಸ್ವಲ್ಪ ಎತ್ತರದ ಕಲ್ಲಿನ ಮೇಲೆ ಕೂರಿಸುತ್ತೇನೆ. ಹಳೇ ಮನೆಗಳಲ್ಲಿ ಜಗುಲಿ ಕಂಬದಡಿ ಕಲ್ಲು ಇರುವುದೂ ಇದಕ್ಕೇ. ಕಲ್ಲು ಗೆದ್ದಲನ್ನು ತಡೆಯುವುದಿಲ್ಲ. ಆದರೆ ಅದರ ಮೇಲೆ ಹತ್ತಬೇಕಾದರೆ ಗೆದ್ದಲು ಹೊರಗೆ ಗೆರೆ ಕಟ್ಟಲೇಬೇಕು, ನಿಮ್ಮ ಕಣ್ಣಿಗೆ ಬೀಳಲೇಬೇಕು.

ಮರ ತರುವಾಗ ಚೇಗು (ಮರದ ನಡುವಿನ ಕಪ್ಪು ಬಣ್ಣದ ಗಟ್ಟಿ ತಿರುಳು) ನೋಡಿ. ತೇಗ ಅಂತ ದುಡ್ಡು ಕೊಟ್ಟು ಅರ್ಧ ಬಿಳಿ ಭಾಗ ತಂದರೆ ಆ ಅರ್ಧವನ್ನು ಗೆದ್ದಲು ತಿನ್ನುತ್ತದೆ. ಚೇಗಾದರೆ ಹಲಸು, ಹೊನ್ನೆ ಕೂಡ ಚೆನ್ನಾಗಿ ಬಾಳುತ್ತವೆ. ಪೇಂಟ್ ಹೊಡೆಯುವ ಮೊದಲು ಬೊರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಬಿಸಿನೀರಿನಲ್ಲಿ ಕರಗಿಸಿ ಬರೀ ಮರಕ್ಕೆ ಎರಡು ಮೂರು ಸಲ ಬಳಿಯಿರಿ. ತುದಿಗಳಿಗೆ ಜಾಸ್ತಿ. ಇದು ಮಳೆ ನೀರಿಗೆ ತೊಳೆದು ಹೋಗುತ್ತದೆ, ಹಾಗಾಗಿ ಮನೆಯೊಳಗಿನ ಮರಕ್ಕೆ ಮಾತ್ರ. ಪಕಾಸೆ, ರೀಪು (ಹೆಂಚು ಕೂರುವ ಮರದ ಪಟ್ಟಿ), ಹೊರಗಿನ ಕಂಬಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಒಳ್ಳೆಯದು. ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ಬೀರು, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟೇ ಇಡಿ. ದೀಪಾವಳಿಗೆ ಮನೆ ಗುಡಿಸುವಾಗ ಒಮ್ಮೆ, ಮಳೆ ಹಿಡಿಯುವ ಮೊದಲು ಒಮ್ಮೆ ಟಾರ್ಚ್ ಹಿಡಿದು ಹಳೇ ಗೆರೆಗಳಿದ್ದ ಜಾಗವೆಲ್ಲ ನೋಡಿ. ಹಸಿ ಮಣ್ಣು ಕಂಡರೆ ಗ್ಯಾರಂಟಿ ಕಾಗದ ಹುಡುಕಿ ಅವರಿಗೆ ಫೋನ್ ಮಾಡಿ, ನನಗಲ್ಲ.