ಬೀದಿಗೆ ಫೈಬರ್ ಎಳೆಯುವ ಮುಂಚೆ: ಯಾವ ಸಾಮಾನು, ಯಾವ ಕ್ರಮದಲ್ಲಿ

40–50 ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡೋಣ ಅಂತ ಹೊರಟವರು ಮೊದಲು ಹುಡುಕುವುದು ಒಎಲ್‌ಟಿಯನ್ನು, ಅಂದರೆ ಎಲ್ಲ ಮನೆಗಳ ಫೈಬರ್ ಬಂದು ಸೇರುವ ಮುಖ್ಯ ಪೆಟ್ಟಿಗೆಯನ್ನು. ಯಾವ ಕಂಪನಿದು, ಎಷ್ಟು ಪೋರ್ಟ್, ಎಷ್ಟಕ್ಕೆ ಸಿಗುತ್ತದೆ? ನಾನೂ ಹಾಗೇ ಶುರು ಮಾಡಿದ್ದೆ. ಈಗ ಯಾರಾದರೂ ಕೇಳಿದರೆ, ಅದನ್ನು ಕೊನೆಗೆ ತಗೊಳ್ಳಿ ಅಂತ ಹೇಳುತ್ತೇನೆ. ಒಎಲ್‌ಟಿ ಬದಲಾಯಿಸುವುದು ಒಂದು ರಾತ್ರಿಯ ಕೆಲಸ. ಆದರೆ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್, ಮಣ್ಣಿನಡಿ ಹೂತ ಪೈಪು, ಗೋಡೆಗೆ ಹೊಡೆದ ಡಬ್ಬಿ, ಇವೆಲ್ಲ ಹತ್ತಿಪ್ಪತ್ತು ವರ್ಷ ಅಲ್ಲೇ ಇರುತ್ತವೆ. ತಲೆ ಜಾಸ್ತಿ ಓಡಿಸಬೇಕಾದದ್ದು ಅಲ್ಲಿ.

ಒಂದು ಹಾಳೆ ಹಿಡಿದು ಬೀದಿ ಪೂರ್ತಿ ನಡೆದು ಬನ್ನಿ. ಎಷ್ಟು ಮನೆ, ಕೊನೆಯ ಮನೆ ಎಷ್ಟು ದೂರ, ಎಲ್ಲಿ ರಸ್ತೆ ದಾಟಬೇಕು, ಕಂಬ ಯಾರದ್ದು, ಎಲ್ಲ ಬರೆದುಕೊಳ್ಳಿ. ಕಂಬದ ಒಡೆಯರ ಒಪ್ಪಿಗೆ, ಸಂಪರ್ಕವನ್ನು ಮನೆಗಳಿಗೆ ಹಂಚಲು ಬೇಕಾದ ಅನುಮತಿ, ಎರಡನ್ನೂ ಈಗಲೇ ಕೇಳಿಕೊಳ್ಳಿ.

ಮನೆಗಳು ಎಂಟು ಹತ್ತಷ್ಟೇ ಇದ್ದು ಹತ್ತಿರ ಹತ್ತಿರ ಇದ್ದರೆ, ಒಎಲ್‌ಟಿಯ ಗೊಡವೆಯೇ ಬೇಡ. ಎಸ್‌ಎಫ್‌ಪಿ ಪೋರ್ಟ್ (ಫೈಬರ್ ಮಾಡ್ಯೂಲ್ ಚುಚ್ಚುವ ಬಾಯಿ) ಇರುವ ಒಂದು ಸ್ವಿಚ್, ಪ್ರತಿ ಮನೆಗೆ ಒಂದೊಂದು ಕೋರ್ (ಕೇಬಲ್ ಒಳಗಿನ ಒಂದು ಗಾಜಿನ ಎಳೆ), ಎರಡು ತುದಿಗೂ ಜೋಡಿ ಬೈ-ಡಿ (ಎರಡೂ ದಿಕ್ಕಿನ) ಮಾಡ್ಯೂಲ್ ಸಾಕು. ಒಂದು 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ, ಹಾಗಾಗಿ ಒಂದೇ ಕೋರ್‌ನಲ್ಲಿ ಹೋಗುವುದೂ ಬರುವುದೂ ಆಗುತ್ತದೆ. ಅದಕ್ಕಿಂತ ಜಾಸ್ತಿ ಮನೆ ಇದ್ದರೆ ಪಾನ್ ಒಳ್ಳೆಯದು. ಅದರಲ್ಲಿ ಒಎಲ್‌ಟಿಯಿಂದ ಒಂದು ಕೋರ್ ಬೀದಿಗೆ ಬರುತ್ತದೆ, ಸ್ಪ್ಲಿಟರ್ ಅದರ ಬೆಳಕನ್ನು 8, 16 ಅಥವಾ 32 ಮನೆಗೆ ಹಂಚುತ್ತದೆ. ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಮಳೆಯಲ್ಲಿ ಬೀದಿ ಡಬ್ಬಿಯೊಳಗಿನ ಸ್ವಿಚ್ ಸತ್ತು ಏಣಿ ಹತ್ತಿದವರಿಗೆ ಇದರ ಬೆಲೆ ಗೊತ್ತು.

ಪಾನ್‌ನಲ್ಲಿ ಮೂರು ಬಗೆ ಜಾಸ್ತಿ ಸಿಗುತ್ತವೆ. ಇಪಾನ್ ಎರಡೂ ಕಡೆ 1.25 ಗಿಗಾಬಿಟ್. ಜಿಪಾನ್ ಕೆಳಗೆ (ಮನೆ ಕಡೆಗೆ) 2.488, ಮೇಲಕ್ಕೆ (ಮನೆಯಿಂದ) 1.244. ಎಕ್ಸ್‌ಜಿಎಸ್-ಪಾನ್ ಎರಡೂ ಕಡೆ 10. ಸಣ್ಣ ಬೀದಿಗೆ ನನ್ನ ಆಯ್ಕೆ ಜಿಪಾನ್. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ತಲೆಗೆ 75 ಮೆಗಾಬಿಟ್ ಹತ್ತಿರ ಸಿಗುತ್ತದೆ, ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದೂ ಇಲ್ಲ. ಮುಂದೆ ಸಾಲದಾದರೆ ಎಕ್ಸ್‌ಜಿಎಸ್ ಬೇರೆ ಬೆಳಕಿನಲ್ಲಿ ಓಡುತ್ತದೆ (ಕೆಳಗೆ 1577 ನ್ಯಾನೊಮೀಟರ್, ಮೇಲಕ್ಕೆ 1270, ಜಿಪಾನ್‌ನದು 1490 ಮತ್ತು 1310), ಹಾಗಾಗಿ ಅದೇ ಕೇಬಲ್, ಅದೇ ಸ್ಪ್ಲಿಟರ್ ಮೇಲೆ ಎರಡನ್ನೂ ಒಟ್ಟಿಗೆ ಹಾಕಬಹುದು.

ಈಗ ಬೆಳಕಿನ ಲೆಕ್ಕ. ಇದೊಂದನ್ನು ಮಾತ್ರ ಬಿಡಬೇಡಿ. ಒಎಲ್‌ಟಿಗೆ ಚುಚ್ಚುವ ಜಿಪಾನ್‌ನ ಬಿ ಪ್ಲಸ್ ಮಾಡ್ಯೂಲ್‌ಗೆ 28 ಡಿಬಿ (ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ) ಲಾಸ್ ತಡೆಯುವ ಶಕ್ತಿ, ಸಿ ಪ್ಲಸ್‌ಗೆ 32. ಈ 28ರೊಳಗೆ ನಿಮ್ಮ ದಾರಿಯ ಎಲ್ಲ ಲಾಸ್ ಹಿಡಿಸಬೇಕು. ಕೊನೆಯ ಮನೆ 3 ಕಿಲೋಮೀಟರ್ ದೂರ ಅಂದುಕೊಳ್ಳಿ. ಕೇಬಲ್‌ನಲ್ಲಿ ಕಿಲೋಮೀಟರಿಗೆ 0.35 ಹಿಡಿದರೆ ಸುಮಾರು 1 ಡಿಬಿ. ಆರು ಸ್ಪ್ಲೈಸ್ (ಎರಡು ಕೋರ್ ತುದಿಗಳನ್ನು ಬೆಸೆದ ಜಾಗ), ಒಂದಕ್ಕೆ 0.1ರಂತೆ 0.6. ನಾಲ್ಕು ಕನೆಕ್ಟರ್, ಒಂದಕ್ಕೆ 0.5ರಂತೆ 2. ಒಂದಕ್ಕೆ 16ರ ಸ್ಪ್ಲಿಟರ್ 13.7. ಒಟ್ಟು 17.3 ಆಯಿತು. ಮೇಲೆ 3 ಡಿಬಿ ಸುಮ್ನೆ ಇಟ್ಟುಕೊಳ್ಳಿ, ಯಾಕೆಂದರೆ ಮುಂದೆ ಯಾವಾಗಲೋ ಲಾರಿ ತಗುಲಿ ಕೇಬಲ್ ಕಡಿಯುತ್ತದೆ, ಅಲ್ಲೆರಡು ಸ್ಪ್ಲೈಸ್ ಸೇರುತ್ತವೆ. ಅಷ್ಟಾದರೂ 20ರ ಹತ್ತಿರವೇ. 32ರ ಸ್ಪ್ಲಿಟರ್ ಹಾಕಿದರೆ ಇನ್ನೊಂದು ಮೂರೂವರೆ ಡಿಬಿ ಜಾಸ್ತಿ, ಅದೂ ಹಿಡಿಸುತ್ತದೆ. ದೂರಕ್ಕಿಂತ ಸ್ಪ್ಲಿಟರ್ ಎಷ್ಟು ತಿನ್ನುತ್ತದೆ ನೋಡಿ, ಬೆಳಕಿನ ಮುಕ್ಕಾಲು ಲೆಕ್ಕ ಅಲ್ಲೇ ಮುಗಿಯುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. ಬೆಳಕು ಜಾಸ್ತಿಯಾದರೂ ಕೆಟ್ಟದ್ದೇ. ಬಿ ಪ್ಲಸ್ ಒಎನ್‌ಯು (ಪ್ರತಿ ಮನೆಯಲ್ಲಿ ಇಡುವ ಪೆಟ್ಟಿಗೆ) ಮೈನಸ್ 27ರಿಂದ ಮೈನಸ್ 8 ಡಿಬಿಎಂ (ಬೆಳಕಿನ ಬಲದ ಅಳತೆ) ನಡುವೆ ಸರಿಯಾಗಿ ನೋಡುತ್ತದೆ. ಒಎಲ್‌ಟಿ ಕಳಿಸುವುದು ಪ್ಲಸ್ 1.5ರಿಂದ ಪ್ಲಸ್ 5. ಮೇಜಿನ ಮೇಲೆ ಪರೀಕ್ಷೆಗೆ ಅಂತ ಎರಡನ್ನೂ ಒಂದು ಗಿಡ್ಡ ಪ್ಯಾಚ್ ಕಾರ್ಡ್‌ನಲ್ಲಿ (ಎರಡು ತುದಿಗೂ ಕನೆಕ್ಟರ್ ಇರುವ ತುಂಡು ಫೈಬರ್) ನೇರ ಸೇರಿಸಿದರೆ ಒಎನ್‌ಯು ಕಣ್ಣೇ ಹೋಗಬಹುದು. ನಡುವೆ ಒಂದು ಸ್ಪ್ಲಿಟರ್ ಅಥವಾ 15 ಡಿಬಿಯ ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ತುಂಡು) ಹಾಕಿಯೇ ಪರೀಕ್ಷೆ ಮಾಡಿ. ಫೈಬರ್ ತುದಿಗೆ ಮಾತ್ರ ಯಾವತ್ತೂ ಕಣ್ಣಿಡಬೇಡಿ, ಆ ಬೆಳಕು ಕಾಣುವುದಿಲ್ಲ.

ಸ್ಪ್ಲಿಟರ್‌ಗಳಲ್ಲಿ ಪಿಎಲ್‌ಸಿ ಬಗೆಯದ್ದನ್ನೇ ಕೇಳಿ, ಎಲ್ಲ ಕಾಲಿಗೂ ಸಮನಾಗಿ ಹಂಚುತ್ತದೆ. ಬೀದಿ ಉದ್ದವಾಗಿದ್ದರೆ ಮೊದಲು 4, ಆಮೇಲೆ ಅಲ್ಲಲ್ಲಿ 8 ಅಂತ ಎರಡು ಹಂತ ಮಾಡಿ. ಮನೆಗಳು ಒತ್ತಾಗಿದ್ದರೆ ಒಂದೇ ಕಡೆ 16ರದ್ದನ್ನು ಇಡಿ, ತೊಂದರೆ ಬಂದಾಗ ಹುಡುಕುವುದು ಸುಲಭ.

ದೊಡ್ಡ ದಾರಿಗೆ ಜಿ.652ಡಿ ಕೇಬಲ್ ಸಾಕು. ನಾಲ್ಕು ಕೋರ್ ಬೇಕಿದ್ದರೂ 12 ಕೋರ್‌ದೇ ಎಳೆಯಿರಿ. ಕೇಬಲ್‌ಗಿಂತ ಎಳೆಯುವ ಕೂಲಿಯೇ ಭಾರ, ಇನ್ನೊಮ್ಮೆ ಎಳೆಯುವುದು ಯಾರಿಗೂ ಬೇಡ ಅಲ್ವಾ. ಮನೆಯೊಳಗೆ ಹೋಗುವ ಡ್ರಾಪ್‌ಗೆ ಜಿ.657ಎ2 ತಗೊಳ್ಳಿ, 7.5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೂ ತಡೆಯುತ್ತದೆ. ಬಾಗಿಲ ಸಂದಿಯಲ್ಲಿ, ಕಪಾಟಿನ ಹಿಂದೆ ಯಾರು ಹೇಗೆ ಮಡಚಿಡುತ್ತಾರೋ ಹೇಳಲಾಗದು. ಡ್ರಾಪ್ ಒಳಗಿನ ಗಟ್ಟಿ ಕಡ್ಡಿ ಉಕ್ಕಿನದಾಗಿರದೆ ಎಫ್‌ಆರ್‌ಪಿಯದ್ದಾಗಿರಲಿ (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್). ಸಿಡಿಲು ಹೊಡೆದಾಗ ಉಕ್ಕಿನ ತಂತಿ ಕರೆಂಟನ್ನು ನೇರ ಮನೆಯೊಳಗೆ ತರುತ್ತದೆ.

ಕನೆಕ್ಟರ್ ವಿಷಯಕ್ಕೆ ಬಂದರೆ, ಹಸಿರು ಮತ್ತು ನೀಲಿಯನ್ನು ಒಂದಕ್ಕೊಂದು ಸೇರಿಸಬೇಡಿ. ಹಸಿರು ಅಂದರೆ ಎಪಿಸಿ, ಅದರ ಮುಖ 8 ಡಿಗ್ರಿ ಓರೆ. ನೀಲಿ ಯುಪಿಸಿ, ಅದಕ್ಕೆ ಆ ಓರೆ ಇಲ್ಲ. ಎರಡನ್ನು ಎದುರುಬದುರು ಇಟ್ಟರೆ ನಡುವೆ ಸಂದು ಉಳಿಯುತ್ತದೆ, ಬೆಳಕು ಸೋರುತ್ತದೆ. ಒಎಲ್‌ಟಿ ಮಾಡ್ಯೂಲ್‌ಗಳ ಬಾಯಿ ಸಾಮಾನ್ಯವಾಗಿ ನೀಲಿ, ಬೀದಿಯ ಸಾಮಾನು ಹಸಿರು. ಹಾಗಾಗಿ ಒಂದು ತುದಿ ನೀಲಿ, ಇನ್ನೊಂದು ತುದಿ ಹಸಿರು ಇರುವ ಪ್ಯಾಚ್ ಕಾರ್ಡ್ ನಾಲ್ಕೈದು ತಂದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಒಎಲ್‌ಟಿ. 4 ಪಾನ್ ಪೋರ್ಟ್ ಇರುವುದು 50 ಮನೆಗೆ ಧಾರಾಳ, ಒಂದು ಪೋರ್ಟ್ ಕೆಟ್ಟರೆ ಇನ್ನೊಂದಕ್ಕೆ ಚುಚ್ಚಬಹುದು. ಅಪ್‌ಲಿಂಕ್ (ಇಂಟರ್ನೆಟ್ ಕಡೆಗೆ ಹೋಗುವ ಪೋರ್ಟ್) 10 ಗಿಗಾಬಿಟ್ ಇರಲಿ, ಇಲ್ಲದಿದ್ದರೆ ಕೆಳಗಿನ ವೇಗ ಕಾಗದದ ಮೇಲೆ ಮಾತ್ರ. ಒಎನ್‌ಯು ಜೊತೆಗೇ ತಗೊಳ್ಳಿ. ನಾನು ಒಮ್ಮೆ ಕಡಿಮೆಗೆ ಸಿಕ್ಕಿತೆಂದು ಬೇರೆ ಕಂಪನಿಯ ಒಎನ್‌ಯು 20 ತಂದೆ. ಜಿಪಾನ್ ಅಂದರೆ ಜಿಪಾನ್ ಅಂತ ಮಾರುವವರು ಹೇಳಿದ್ದರು. ಲೈಟ್ ಬಂತು, ನೋಂದಣಿಯೂ ಆಯಿತು, ಹಸಿರು ದೀಪ ಉರಿಯಿತು. ಆದರೆ ಇಂಟರ್ನೆಟ್ ಬರಲಿಲ್ಲ. ಒಎಲ್‌ಟಿ ಕಳಿಸಿದ ವಿಲ್ಯಾನ್ (ಒಂದೇ ತಂತಿಯೊಳಗೆ ಜಾಲಗಳನ್ನು ಬೇರೆ ಮಾಡುವ) ಸೆಟ್ಟಿಂಗನ್ನು ಒಎನ್‌ಯು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಿತ್ತು. ಎರಡು ದಿನ ಒಎಂಸಿಐ (ಒಎಲ್‌ಟಿ ಒಎನ್‌ಯುಗೆ ಸೆಟ್ಟಿಂಗ್ ಹೇಳುವ ಭಾಷೆ) ಹಿಂದೆ ಬಿದ್ದು, ಕೊನೆಗೆ ಒಂದೊಂದು ಮನೆಗೂ ಹೋಗಿ ಕೈಯಲ್ಲಿ ಸೆಟ್ ಮಾಡಿದೆ. ಬೇರೆ ಕಂಪನಿಯದ್ದು ಬೇಕೇ ಬೇಕಿದ್ದರೆ ಮೊದಲು ಒಂದನ್ನು ತಂದು ಒಂದು ವಾರ ಓಡಿಸಿ ನೋಡಿ, ಫರ್ಮ್‌ವೇರ್ ಬದಲಾಯಿಸಿ ಇನ್ನೊಮ್ಮೆ ನೋಡಿ. ಒಎಲ್‌ಟಿಯಲ್ಲಿ ಕೂತೇ ಪ್ರತಿ ಒಎನ್‌ಯುಗೆ ಎಷ್ಟು ಬೆಳಕು ಬರುತ್ತಿದೆ ಅಂತ ಕಾಣಬೇಕು, ಒಂದು ಒಎನ್‌ಯು ಹುಚ್ಚು ಹಿಡಿದು ಸದಾ ಬೆಳಕು ಕಕ್ಕಿದರೆ ಅದನ್ನು ಪತ್ತೆ ಮಾಡಿ ನಿಲ್ಲಿಸಲು ಬರಬೇಕು. ಅಂಥದೊಂದು ಇಡೀ ಪೋರ್ಟಿನ ಮನೆಗಳನ್ನು ಕೆಡಿಸುತ್ತದೆ. ಒಎಲ್‌ಟಿಗೆ, ರೂಟರ್‌ಗೆ ಒಂದು ಯುಪಿಎಸ್, ಒಳ್ಳೆಯ ಅರ್ಥಿಂಗ್.

ಸ್ಪ್ಲೈಸಿಂಗ್ ಮಷೀನ್ ಬಾಡಿಗೆಗೆ ತರಬಹುದು. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಮಾತ್ರ ಸ್ವಂತದ್ದಿರಲಿ, ಜೊತೆಗೆ ಕೆಂಪು ಬೆಳಕಿನ ಪೆನ್ನು, ಒಂದು ಕ್ಲಿಕ್ ಕ್ಲೀನರ್. ಕನೆಕ್ಟರನ್ನು ಪ್ರತಿ ಸಲ ಚುಚ್ಚುವ ಮುಂಚೆ ಒರೆಸಿ. ಹೊಸದಾದರೂ ಒರೆಸಿ. ಗಾಜಿನ ಎಳೆಯಲ್ಲಿ ಬೆಳಕು ಹೋಗುವ ನಡುಭಾಗ ಬರೀ 9 ಮೈಕ್ರಾನ್, ಬೆರಳಿನ ಜಿಡ್ಡು ಸಾಕು ಅದನ್ನು ಮುಚ್ಚಲು. ಒಂದು ಮನೆಯಲ್ಲಿ ಮೈನಸ್ 26 ತೋರಿಸುತ್ತಿತ್ತು, ಕೇಬಲ್ ಬದಲಾಯಿಸಲು ಏಣಿಯನ್ನೂ ಇಳಿಸಿದ್ದೆವು. ಒಮ್ಮೆ ಕ್ಲಿಕ್ ಅಂತ ಒರೆಸಿ ಚುಚ್ಚಿದರೆ ಮೈನಸ್ 19.

ಪ್ರತಿ ಮನೆಗೆ ಬೆಳಕು ಬಂದ ದಿನ ಮೀಟರಿನ ಅಂಕಿಯನ್ನು ತಾರೀಖಿನ ಜೊತೆ ಬರೆದು ಡಬ್ಬಿಯ ಒಳಗೇ ಅಂಟಿಸಿ. ಎರಡು ವರ್ಷ ಆದ ಮೇಲೆ ಯಾರೋ ನಿಧಾನ ಅಂತ ಫೋನ್ ಮಾಡಿದಾಗ, ಚೀಟಿಯಲ್ಲಿ ಮೈನಸ್ 18 ಇದ್ದು ಮೀಟರ್ ಮೈನಸ್ 25 ಹೇಳಿದರೆ ತೊಂದರೆ ದಾರಿಯಲ್ಲಿದೆ. ಎರಡೂ ಒಂದೇ ಇದ್ದರೆ ಕೇಬಲ್ ಬಿಟ್ಟು ಅವರ ವೈಫೈ ನೋಡಿ.