ಕೋಡ್ ಮೊಬೈಲಲ್ಲೂ ಉಂಟು, ಡೆಸ್ಕ್‌ಟಾಪಲ್ಲೂ ಉಂಟು

ಮಂಗಳೂರಿನ ಬಿಜೈಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸು ನನ್ನದು. ಹೋಸ್ಟಿಂಗ್, ಡೊಮೈನ್, ಗಿಟ್‌ಹಬ್, ಯಾವುದಕ್ಕೆ ಹೋದರೂ ಪಾಸ್‌ವರ್ಡ್ ಆದ ಮೇಲೆ ಆರಂಕಿಯ ಕೋಡ್ ಕೇಳುತ್ತದೆ. ಮೊದಲೆಲ್ಲ ಎಸ್ಸೆಮ್ಮೆಸ್ಸಿಗೆ ಬರುವ ಒಟಿಪಿಯಲ್ಲೇ ಸುಧಾರಿಸುತ್ತಿದ್ದೆ. ಆದರೆ ನಮ್ಮೂರ ಮಳೆಗಾಲ ಗೊತ್ತಲ್ಲ, ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತದೆ. ಕೋಡನ್ನು ನಮ್ಮ ಕೈಯಲ್ಲೇ ಲೆಕ್ಕ ಹಾಕಿ ತೋರಿಸುವ ಅಥೆಂಟಿಕೇಟರ್ ಆ್ಯಪಿಗೆ ಆ ಗೋಳಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಸಿಗುವುದು ಒಂದು ಗುಟ್ಟಿನ ಕೀ. ಅದೇ ಕೀ ಸರ್ವರಿನಲ್ಲೂ ಇರುತ್ತದೆ. ಕೀಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಎರಡೂ ಕಡೆ ಲೆಕ್ಕ ನಡೆಯುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಉತ್ತರ ಬದಲಾಗುತ್ತದೆ. 2011ರ ಟಿಒಟಿಪಿ (ಸಮಯ ಆಧರಿಸಿದ ಒಟಿಪಿ) ಮಾನದಂಡ ಇರುವುದೇ ಹೀಗೆ. ಅಂದ ಮೇಲೆ ಒಂದೇ ಕೀಯನ್ನು ಎರಡು ಕಡೆ ಹಾಕಿದರೆ ಎರಡರಲ್ಲೂ ಒಂದೇ ಕೋಡ್. ನೆಟ್ ಬೇಡ, ಸಿಂಕ್ ಬೇಡ.

ನಾನು ಮೊಬೈಲಿಗೆ ಏಜಿಸ್ ಎಂಬ ಅಥೆಂಟಿಕೇಟರ್ ಆ್ಯಪ್, ಡೆಸ್ಕ್‌ಟಾಪಿಗೆ ಪಾಸ್‌ವರ್ಡ್ ಜೊತೆಗೆ ಇಂಥ ಕೋಡನ್ನೂ ಕೊಡುವ ಕೀಪಾಸ್‌ಎಕ್ಸ್‌ಸಿ ಇಟ್ಟುಕೊಂಡಿದ್ದೇನೆ. ಹೊಸ ಅಕೌಂಟಿನಲ್ಲಿ ಕ್ಯೂಆರ್ ಬಂದಾಗ ಹತ್ತಿರದಲ್ಲೇ 'ಸ್ಕ್ಯಾನ್ ಆಗದಿದ್ದರೆ' ಎಂಬಂಥ ಲಿಂಕ್ ಇರುತ್ತದೆ. ಅದನ್ನು ಒತ್ತಿದರೆ ಕೀ ಅಕ್ಷರರೂಪದಲ್ಲಿ ಸಿಗುತ್ತದೆ. ಅದನ್ನು ಕೀಪಾಸ್‌ಎಕ್ಸ್‌ಸಿಗೆ ಹಾಕಿ, ಕ್ಯೂಆರನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಎರಡೂ ಕೋಡ್ ತಾಳೆಯಾದ ಮೇಲಷ್ಟೇ ಮುಂದುವರಿಯುತ್ತೇನೆ. ಆ ಪುಟ ಮುಚ್ಚಿದರೆ ಹೆಚ್ಚಿನ ಕಡೆ ಅದೇ ಕೀ ಮತ್ತೆ ಕಾಣಿಸದು. ಏಜಿಸ್ ಆಂಡ್ರಾಯ್ಡಿಗೆ ಮಾತ್ರ. ಐಫೋನ್ ಇಟ್ಟುಕೊಂಡ ತಂಗಿಗೆ ಎಂಟೆ ಆಥ್ ಹಾಕಿಕೊಟ್ಟೆ, ಅದು ಎನ್‌ಕ್ರಿಪ್ಟ್ ಮಾಡಿಯೇ ಸಿಂಕ್ ಮಾಡುತ್ತದೆ. ಯಾವ ಆ್ಯಪ್ ಆದರೂ ಸರಿ, ಕೀಗಳನ್ನು ಹೊರತೆಗೆದು ಬೇರೆ ಕಡೆ ಒಯ್ಯಲು (ಎಕ್ಸ್‌ಪೋರ್ಟ್) ಬಿಡಬೇಕು. ಯಾವ ಆ್ಯಪ್ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ, ಆಥಿ ಎಂಬ ಇಂಥದೇ ಒಂದರ ಡೆಸ್ಕ್‌ಟಾಪ್ ಆ್ಯಪ್ 2024ರ ಮಾರ್ಚ್‌ನಲ್ಲಿ ನಿಂತೇಹೋಯಿತಲ್ಲ.

ಒಮ್ಮೆ ಎರಡರ ಕೋಡೂ ಬೇರೆಬೇರೆ ಬರತೊಡಗಿತು. ಮೊಬೈಲಿನದು ನಡೆಯುತ್ತದೆ, ಡೆಸ್ಕ್‌ಟಾಪಿನದು ತಪ್ಪು. ನೋಡಿದರೆ ಡೆಸ್ಕ್‌ಟಾಪ್ ಗಡಿಯಾರ ಕೆಲವು ನಿಮಿಷ ಹಿಂದೆ! ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುವುದು ನಮ್ಮ ಕಡೆ ರೂಢಿ. ಆಗ ಗಡಿಯಾರ ನಡೆಸುವುದು ಮದರ್‌ಬೋರ್ಡಿನ ಬಿಲ್ಲೆ ಸೆಲ್. ಸರ್ವರುಗಳು ಸಾಮಾನ್ಯವಾಗಿ ಒಂದು ಸುತ್ತಿನ, ಅಂದರೆ 30 ಸೆಕೆಂಡಿನ, ವ್ಯತ್ಯಾಸ ಸಹಿಸುತ್ತವೆ, ನಿಮಿಷಗಟ್ಟಲೆ ಅಲ್ಲ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಸಮಯ ಸಿಂಕ್ ಮಾಡಿದರೆ ಆ ದಿನಕ್ಕೆ ಸರಿ, ಮಾರನೇ ಬೆಳಿಗ್ಗೆ ಮತ್ತೆ ಅದೇ ಕತೆ. ಹಂಪನಕಟ್ಟೆಯ ರಿಪೇರಿಯವರು ಮಾತು ಮುಗಿಯುವ ಮೊದಲೇ, "ಸೆಲ್ ಹೋಗಿದೆ ಮಾರಾಯ್ರೇ, ಬೇರೇನೂ ಇಲ್ಲ" ಎಂದರು. ಸಿಆರ್2032 ಹಾಕಿಸಿದ ಮೇಲೆ ತೊಂದರೆಯಿಲ್ಲ.

ಪಾಸ್‌ವರ್ಡ್ ಇರುವ ಫೈಲಿನಲ್ಲೇ ಕೋಡನ್ನೂ ಇಡುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಒಂದು ಫೈಲ್ ಕೈತಪ್ಪಿ ಹೋದರೆ ಎರಡೂ ಬೀಗ ತೆರೆದಂತೆ. ಕೋಡಿಗೆ ಬೇರೆ ಫೈಲ್, ಬೇರೆ ಪಾಸ್‌ವರ್ಡ್ ಇಟ್ಟಿದ್ದೇನೆ. ಮುಖ್ಯ ಇಮೇಲಿನ ಕೋಡ್ ಮಾತ್ರ ಮೊಬೈಲಿನಲ್ಲಷ್ಟೇ. ಅದಕ್ಕೆ ಗೂಗಲ್ ಕೊಡುವ 10 ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ತೆಗೆದು ಮನೆಯ ಕಪಾಟಿನಲ್ಲಿಟ್ಟಿದ್ದೇನೆ, ಬಳಸಿದ್ದಕ್ಕೆ ಗೀಟು ಹಾಕುತ್ತೇನೆ. ಏಜಿಸ್‌ನ ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ಇರುವ ಪೆನ್‌ಡ್ರೈವ್ ಕೂಡ ಅಲ್ಲೇ ಉಂಟು. ಅದರ ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆದಿಟ್ಟಿಲ್ಲ.