ಭಾಷಣ ಬಿಟ್ಟು ಬಕೆಟ್ ಹಿಡಿದೆವು: ಶಾಲೆ ಮಕ್ಕಳ ಜೊತೆ ನೀರಿನ ಪ್ರಾಜೆಕ್ಟ್, ನನ್ನ ಅನುಭವ

ಕಾಲೇಜಿನಿಂದ ಶಾಲೆಗೆ ಹೋಗಿ ನೀರಿನ ಬಗ್ಗೆ ಹೇಳಿಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತು. ವಿಶ್ವ ಜಲ ದಿನ, ಮಾರ್ಚ್ 22, ಹತ್ತಿರ ಬಂದರೆ ಪೋಸ್ಟರ್, ಘೋಷಣೆ, ಒಂದು ಪಿಪಿಟಿ, ಕೊನೆಗೆ ಗ್ರೂಪ್ ಫೋಟೋ. ಮಾರನೇ ದಿನ ಅದೇ ನಲ್ಲಿ, ಅದೇ ಸೋರಿಕೆ. ನಮ್ಮ ಸಿವಿಲ್ ಎಂಜಿನಿಯರಿಂಗ್ ತಂಡ ಇದನ್ನೆಲ್ಲ ಪೂರ್ತಿ ಕೈಬಿಟ್ಟಿತು. ಮಕ್ಕಳ ಕೈಗೆ ಅಳತೆ ಜಾರ್, ಟೇಪು, ಸ್ಪ್ಯಾನರ್ ಕೊಟ್ಟೆವು. ‘ಏಳನೇ ಕ್ಲಾಸಿನ ಮಕ್ಕಳು ಅಳತೆ ಬರೆದಿಡ್ತಾರಾ? ಎರಡು ವಾರಕ್ಕೆ ಬೇಜಾರಾಗುತ್ತೆ’ ಅಂತ ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಹೇಳಿದರು. ಶಾಲೆಯವರ ಚಿಂತೆ ಬೇರೆ. ಬಟ್ಟೆ ಒದ್ದೆಯಾಗುತ್ತೆ, ಪಾಠ ಹಿಂದೆ ಬೀಳುತ್ತೆ ಅಂತ. ಈಗ ನಾವು ಹೋಗದಿದ್ದರೂ ಆ ಶಾಲೆಯ ನೀರಿನ ರಿಜಿಸ್ಟರ್ ತುಂಬುತ್ತಲೇ ಇದೆ. ಎರಡನೇ ವರ್ಷ ನಡೆಯುತ್ತಿದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಕಾಲೇಜು ಕೊಟ್ಟ ಹಣದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಎಲೆಕ್ಟ್ರಾನಿಕ್ಸ್‌ಗೆ ಹೋಯಿತು. ಎಂಜಿನಿಯರಿಂಗ್ ಕಾಲೇಜು ಅಂದಮೇಲೆ ಸೆನ್ಸರ್ ಇರಲೇಬೇಕು ಅನ್ನುವುದು ಎಲ್ಲರ ಮಾತು. ಟ್ಯಾಂಕಿನಲ್ಲಿ ಎರಡು ತಂತಿ ಇಳಿಬಿಟ್ಟು ಮಟ್ಟ ತೋರಿಸುವ ಮಾಡೆಲ್ ಮಾಡಿದೆವು. ಡೆಮೋ ದಿನ ಜೋರು ಚಪ್ಪಾಳೆ. ಮುಂದಿನ ವಾರ ನೋಡಿದರೆ ಒಂದು ತಂತಿ ಹಸಿರುಗಟ್ಟಿ ಸವೆದಿತ್ತು. ಸದಾ ಡಿಸಿ ಕರೆಂಟ್ ಹರಿಯುತ್ತಿದ್ದರೆ ನೀರಿನಲ್ಲಿ ಎಲೆಕ್ಟ್ರಾಲಿಸಿಸ್ (ಕರೆಂಟಿನಿಂದ ತಂತಿಯ ಲೋಹ ಕರಗುವುದು) ಸುಮ್ನೆ ಬಿಡುತ್ತದೆಯೇ? ರೀಡಿಂಗ್ ತೆಗೆಯುವ ಕ್ಷಣಕ್ಕೆ ಮಾತ್ರ ಕರೆಂಟ್ ಕೊಡುವ ಹಾಗೆ ಕೋಡ್ ಬದಲಿಸಿ, ಸ್ಟೀಲ್ ಕಡ್ಡಿ ಹಾಕಿದ ಮೇಲೆ ಸ್ವಲ್ಪ ಬಾಳಿಕೆ ಬಂತು. ಆಮೇಲೆ ಶಬ್ದದ ಅಲೆ ಕಳಿಸಿ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ತಂದೆವು. ಮುಚ್ಚಿದ ಟ್ಯಾಂಕಿನೊಳಗೆ ಬೆಳಗಿನ ಹೊತ್ತು ಅದರ ಮುಖದ ಮೇಲೆ ನೀರಹನಿ ಕೂತು ರೀಡಿಂಗ್ ಎಲ್ಲೆಲ್ಲೋ ಜಿಗಿಯುತ್ತಿತ್ತು.

ಕೊನೆಗೆ ಉಳಿದದ್ದು ಯಾವುದು ಗೊತ್ತಾ? ಟ್ಯಾಂಕಿನ ಬುಡದ ಔಟ್‌ಲೆಟ್‌ಗೆ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ, ಹೊರಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಪಾರದರ್ಶಕ ಟ್ಯೂಬು. ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ. ಒಳಗಿನ ಮಟ್ಟ ಎಷ್ಟಿದೆಯೋ ಟ್ಯೂಬಿನಲ್ಲೂ ಅಷ್ಟೇ. ಬ್ಯಾಟರಿ ಬೇಡ, ಕೋಡ್ ಬೇಡ, ಆರನೇ ಕ್ಲಾಸಿನ ಹುಡುಗ ಓದಬಲ್ಲ. ಬಿಸಿಲಿಗೆ ಟ್ಯೂಬಿನೊಳಗೆ ಪಾಚಿ ಕಟ್ಟುತ್ತದೆ, ಅದಕ್ಕೆ ಓದುವ ಹೊತ್ತು ಬಿಟ್ಟು ಉಳಿದಾಗ ಕಪ್ಪು ಬಟ್ಟೆ ಸುತ್ತಿಡುತ್ತೇವೆ. ಟ್ಯೂಬು, ಬಕೆಟ್, ಜಾರ್, ವಾಷರ್, ಟೇಪು ಎಲ್ಲ ಸೇರಿದರೂ ಒಂದು ಸೆನ್ಸರ್ ಕಿಟ್‌ನ ಖರ್ಚು ಆಗಲಿಲ್ಲ. ಬಿಲ್ ಸಿಗುವುದು ಕಿಟ್‌ಗೆ, ಕೆಲಸಕ್ಕೆ ಬರುವುದು ಗುಜರಿ ಪೈಪು. ಗುಜರಿಗೆ ಬಿಲ್ ಎಲ್ಲಿಂದ ತರುವುದು? ಆ ಹಣ ಕಾಲೇಜಿನಿಂದ ವಾಪಸ್ ಬರಲಿಲ್ಲ, ನಾವೇ ಕೈಯಿಂದ ಹಾಕಿದೆವು. ನೀವು ಹೊರಡುವಾಗ ಸಣ್ಣಪುಟ್ಟ ಖರ್ಚಿಗೆ ಅಂತ ಒಂದು ಪಾಲನ್ನು ಮೊದಲೇ ಬರೆಸಿಕೊಳ್ಳಿ.

ನಮ್ಮ ಇಡೀ ಕೆಲಸ ತಿರುಗಿದ್ದು ಒಂದು ರಾತ್ರಿಯ ಪರೀಕ್ಷೆಯಿಂದ. ಶನಿವಾರ ಶಾಲೆ ಬಿಟ್ಟ ಮೇಲೆ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿಸಿದೆವು. ಮಕ್ಕಳು ಟ್ಯೂಬಿನ ಮಟ್ಟ ಬರೆದುಕೊಂಡರು. ಭಾನುವಾರ ಬೆಳಿಗ್ಗೆ ಮತ್ತೆ ನೋಡಿದಾಗ ಮಟ್ಟ ಸುಮಾರು 15 ಸೆಂ.ಮೀ. ಇಳಿದಿತ್ತು. ಟ್ಯಾಂಕಿನ ತಳ ಹತ್ತಿರ ಹತ್ತಿರ 2 ಚದರ ಮೀಟರ್. ಅಂದರೆ 1 ಸೆಂ.ಮೀ. ಇಳಿದರೆ 20 ಲೀಟರ್. ಲೆಕ್ಕ ಹಾಕಿದ್ದು ಮಕ್ಕಳೇ: 300 ಲೀಟರ್. ಶಾಲೆಯಲ್ಲಿ ಯಾರೂ ಇಲ್ಲದ ರಾತ್ರಿ, ಯಾರೂ ಮುಟ್ಟದ ನೀರು. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ ಹುಡುಗರೇ ‘ಎಲ್ಲಿಗೆ ಹೋಯ್ತು ಸಾರ್?’ ಅಂತ ಬೆನ್ನು ಹತ್ತಿದರು.

ಎಲ್ಲರ ಅನುಮಾನ ಕೈತೊಳೆಯುವ ಜಾಗದ ನಲ್ಲಿಗಳ ಮೇಲೆ. ಕಣ್ಣಿಗೆ ಕಾಣುವ ಹನಿ ಅಲ್ವಾ. ಸರಿ, ಅಳೆಯೋಣ ಅಂದೆವು. ಡ್ರಾಪರ್ ಲೆಕ್ಕದಲ್ಲಿ 20 ಹನಿಗೆ 1 ಮಿ.ಲೀ. ಆ ಪ್ರಕಾರ ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ನಾಲ್ಕು ಲೀಟರ್ ಚಿಲ್ಲರೆ. ಆದರೆ ನಲ್ಲಿಯ ಕೆಳಗೆ ಜಾರ್ ಹಿಡಿದು 100 ಹನಿ ಎಣಿಸಿದಾಗ 12–13 ಮಿ.ಲೀ. ತುಂಬಿತು. ಮಕ್ಕಳಿಗೆ ಜಗಳವೇ ಶುರುವಾಯಿತು. ಎಣಿಕೆ ತಪ್ಪಿದೆ ಅಂತ ಒಬ್ಬ, ಜಾರ್ ಸರಿಯಿಲ್ಲ ಅಂತ ಇನ್ನೊಬ್ಬಳು. ಆಗ ಡ್ರಾಪರಿನ ತುದಿಯನ್ನೂ ನಲ್ಲಿಯ ಬಾಯನ್ನೂ ಅಕ್ಕಪಕ್ಕ ಹಿಡಿದು ತೋರಿಸಿದೆವು. ಬಾಯಿ ಅಗಲವಾದಷ್ಟೂ ಹನಿ ದಪ್ಪ. ಅಗಲ ಬಾಯಿಯ ಅಂಚು ಹೆಚ್ಚು ನೀರನ್ನು ಹಿಡಿದಿಟ್ಟು ಆಮೇಲೆ ಬಿಡುತ್ತದೆ. ಹೀಗೆ ನೋಡಿದರೆ ಆ ನಲ್ಲಿಯಿಂದ ದಿನಕ್ಕೆ 10 ಲೀಟರ್ ಮೇಲೆ ಹೋಗುತ್ತಿತ್ತು. ಪಾಠದಲ್ಲಿಲ್ಲದ ಈ ಸುತ್ತಾಟಕ್ಕೆ ಒಂದಿಡೀ ಮಧ್ಯಾಹ್ನ ಹೋಯಿತು, ಹೋಗಲಿ ಬಿಡಿ. ಹನಿ ಎಣಿಸಿದ ಆ ಮಕ್ಕಳು ಆಮೇಲೆ ಯಾವ ಅಂಕಿಯನ್ನೂ ಅಳೆಯದೆ ನಂಬಲಿಲ್ಲ.

ಸೋರುವ ನಲ್ಲಿಗಳನ್ನೆಲ್ಲ ಕೂಡಿಸಿದರೂ ರಾತ್ರಿಗೆ 30 ಲೀಟರ್ ದಾಟಲಿಲ್ಲ. ಉಳಿದದ್ದೆಲ್ಲಿ? ಆಗ ಟಾಯ್ಲೆಟ್ ಕಡೆ ಹೊರಟೆವು. ಫ್ಲಶ್ ಟ್ಯಾಂಕಿನೊಳಗೆ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಹದಿನೈದು ನಿಮಿಷ ಕಾದೆವು. ಮೊದಲನೆಯದರಲ್ಲಿ ಏನೂ ಇಲ್ಲ. ಮೂಲೆಯದರಲ್ಲಿ ಬಿಳಿ ಕಮೋಡಿನ ಹಿಂಬದಿಯಿಂದ ನೂಲಿನಷ್ಟು ಸಣ್ಣ ಕೆಂಪು ಗೆರೆ ಇಳಿಯತೊಡಗಿತು. ಸದ್ದಿಲ್ಲ. ಹತ್ತಿರ ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ಮೊದಲು ಕಂಡವಳು ಕಿರುಚಿದ್ದು ಸ್ಟಾಫ್ ರೂಮಿನವರೆಗೂ ಕೇಳಿಸಿತು. ಇನ್ನೊಂದರಲ್ಲೂ ಹೀಗೇ. ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅಷ್ಟೇ. ಹೊಸ ಸೀಲನ್ನು ಮಕ್ಕಳ ಕೈಯಲ್ಲೇ ಹಾಕಿಸಿದೆವು. ನಲ್ಲಿಗಳ ವಾಷರ್ ಕೂಡ. ಮುಂದಿನ ಶನಿವಾರದ ಪರೀಕ್ಷೆಯಲ್ಲಿ ಮಟ್ಟ ಇಳಿದದ್ದು 1 ಸೆಂ.ಮೀ. ಆಸುಪಾಸು. ಅನುಮಾನ ಪಟ್ಟವರಿಗೆ ನಾವು ತೋರಿಸಿದ್ದು ಈ ಎರಡು ಶನಿವಾರಗಳ ಅಳತೆ ಬರೆದ ಒಂದು ಹಾಳೆ ಮಾತ್ರ. ಆಮೇಲೆ ಯಾರೂ ಪಿಪಿಟಿ ಕೇಳಲಿಲ್ಲ.

ಮಕ್ಕಳ ಕೈಗೆ ಸ್ಪ್ಯಾನರ್ ಕೊಡಲು ಶಾಲೆಯ ಪ್ಲಂಬರ್‌ಗೆ ಮೊದಲು ಮನಸ್ಸಿರಲಿಲ್ಲ. ಅವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ತಂಡದ ಗುಟ್ಟು, ಇನ್ನೂ ಒಂದೆರಡು ಶಾಲೆಯಲ್ಲಿ ಬೇಕಾಗುತ್ತದೆ. ಇಷ್ಟು ಹೇಳಬಲ್ಲೆ: ಈಗ ಅವರೇ ಈ ಕೆಲಸದ ಮುಖ್ಯ ಮೇಷ್ಟ್ರು.

ಮಳೆನೀರಿನ ಭಾಗ ಇಷ್ಟು ಸಲೀಸಾಗಲಿಲ್ಲ. ಸೈಕಲ್ ಶೆಡ್ಡಿನ ಚಾವಣಿ ಸುಮಾರು 20 ಚದರ ಮೀಟರ್. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್, ಅಂದರೆ ಇಡೀ ಚಾವಣಿಗೆ 20. ಮೊದಲ ಅರ್ಧ ಮಿ.ಮೀ. ಕೊಳೆ ನೀರನ್ನು ಬೇರೆ ಮಾಡಲು 110 ಮಿ.ಮೀ. ಪೈಪನ್ನು ನೆಟ್ಟಗೆ ನಿಲ್ಲಿಸಿದೆವು. ಮೀಟರ್ ಉದ್ದಕ್ಕೆ 8–9 ಲೀಟರ್ ಹಿಡಿಯುತ್ತದೆ, ಹಾಗಾಗಿ 1.2 ಮೀಟರ್ ಸಾಕಾಯಿತು. ಒಳಗೆ ತೇಲುವ ಚೆಂಡು, ಪೈಪು ತುಂಬಿದಾಗ ಅದರ ಬಾಯಿ ಮುಚ್ಚಿ ಮುಂದಿನ ನೀರನ್ನು ಡ್ರಮ್ಮಿಗೆ ತಿರುಗಿಸಲು. ಬುಡದಲ್ಲಿ ನೀರು ಜಿನುಗಿ ಖಾಲಿಯಾಗಲು ಸಣ್ಣ ತೂತು. ಮೊದಲ ಮಳೆಗೆ ಬುಡದ ಕ್ಯಾಪ್ ಕಿತ್ತುಕೊಂಡು ಹೋಯಿತು. ತಿರುಪಿನ ಕ್ಯಾಪ್ ಹಾಕಿದೆವು. ಆಮೇಲೆ ತೂತಿಗೆ ಎಲೆಚೂರು ಸಿಕ್ಕಿಕೊಂಡು ಪೈಪ್ ತುಂಬಿಯೇ ಉಳಿಯಿತು. ಹಾಗಾದರೆ ಮುಂದಿನ ಮಳೆಯ ಕೊಳೆ ನೇರ ಡ್ರಮ್ಮಿಗೆ. ಮೇಲೆ ಜಾಲರಿ, ಕೆಳಗೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ವಾರಕ್ಕೊಮ್ಮೆ ಕ್ಯಾಪ್ ಬಿಚ್ಚಿ ತೊಳೆಯುವ ಪಾಳಿ ಹಾಕಿದ ಮೇಲೆ ಸರಿಹೋಯಿತು. ಚೆಂಡು ಪಕ್ಕಕ್ಕೆ ಸಿಕ್ಕಿಕೊಳ್ಳದ ಹಾಗೆ ನಮ್ಮ ಜೂನಿಯರ್ ಒಬ್ಬ ಮಾಡಿದ ಉಪಾಯ ತುಂಬಾ ಚೆನ್ನಾಗಿದೆ. ಅದನ್ನು ಸ್ಪರ್ಧೆಗೆ ಕಳಿಸುತ್ತಿದ್ದಾನೆ, ಹಾಗಾಗಿ ಈಗ ಬಿಟ್ಟುಕೊಡಲಾರೆ.

ಮಳೆ ಮಾಪಕವನ್ನು ಪ್ರತಿ ಗುಂಪೂ ಬಾಟಲಿ ಕತ್ತರಿಸಿ ಮಾಡಿತು. ನಿಮಗೆಲ್ಲ ಗೊತ್ತಿರುವುದೇ. ಒಂದೇ ಮಳೆಗೆ ಎಲ್ಲರ ಅಳತೆ ಬೇರೆ ಬೇರೆ ಬಂತು, ಒಬ್ಬರದು ಮರದ ಕೆಳಗೆ, ಒಬ್ಬರದು ಗೋಡೆ ಪಕ್ಕ. ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇಟ್ಟ ಮೇಲೆ ಅಳತೆಗಳು ಹತ್ತಿರ ಬಂದವು.

ಬಾಟಲಿಯಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿ ಕೆಸರು ನೀರು ಸೋಸುವ ಮಾಡೆಲ್ ಬಗ್ಗೆ ನನಗೆ ಸಿಟ್ಟಿದೆ. ನೀರು ತಿಳಿಯಾಗಿ ಬಂದ ಕೂಡಲೇ ಮಕ್ಕಳು ಕುಡಿಯಲು ಕೈ ಚಾಚುತ್ತಾರೆ. ತಿಳಿಯಾದರೆ ರೋಗಾಣು ಹೋಯಿತು ಅಂತ ಅರ್ಥವಲ್ಲ. ಇದನ್ನು ಮೊದಲೇ ಹೇಳದೆ ಆ ಮಾಡೆಲ್ ತೋರಿಸಲೇಬಾರದು. ನಾವು ಸೋಸಿದ ನೀರಿಗೆ ಕಣ್ಣೆದುರೇ ಸೋಪು ಬೆರೆಸಿ ಗಿಡದ ಬುಡದ ಕಲ್ಲು ತೊಳೆಯಲು ಬಳಸಿಬಿಡುತ್ತೇವೆ.

ನಡುವೆ ಒಂದು ಪಕ್ಕದ ಪ್ರಯೋಗ. ಎರಡೂ ಕಡೆ ಬಾಯಿ ತೆಗೆದ ಡಬ್ಬವನ್ನು ಆಟದ ಮೈದಾನದಲ್ಲೂ ಗಿಡಗಳ ಪಾತಿಯಲ್ಲೂ ಒತ್ತಿ, ನೀರು ಹಾಕಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ನೋಡಿದೆವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೋಷ್ಟಕದಲ್ಲಿ ಮರಳು ಮಣ್ಣಿಗೆ ಗಂಟೆಗೆ 30 ಮಿ.ಮೀ.ಗಿಂತ ಜಾಸ್ತಿ, ಜೇಡಿಗೆ 1ರಿಂದ 5. ಒಂದೇ ಆವರಣದ ಒಂದೇ ಮಣ್ಣು, ಆದರೂ ಓಡಾಡಿ ಗಟ್ಟಿಯಾದ ಮೈದಾನ ಜೇಡಿಯ ಹಾಗೆ ನಡೆದುಕೊಂಡಿತು. ಪಾತಿ ಗಟಗಟ ಕುಡಿಯಿತು. ಇಂಗುಗುಂಡಿ ಎಲ್ಲಿ ತೋಡಬೇಕು ಅಂತ ಮಕ್ಕಳೇ ಜಾಗ ಆರಿಸಿದರು. ಅವರು ಆರಿಸಿದ್ದೇ ಸರಿ.

ಶುರು ಮಾಡುವವರಿಗೆ ನನ್ನ ಸಲಹೆ: ಕಿಟ್ ಕೊಳ್ಳುವ ಮೊದಲು ಒಂದು ರಾತ್ರಿ ಟ್ಯಾಂಕಿನ ವಾಲ್ವ್ ಮುಚ್ಚಲು ಅನುಮತಿ ಕೇಳಿ. ಮಟ್ಟ ಬರೆದುಕೊಳ್ಳುವ ಮೊದಲು, ಮುಚ್ಚಿದ ಆ ವಾಲ್ವೇ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ಬರುವ ನೀರು ಲೆಕ್ಕ ಮುಚ್ಚಿಹಾಕುತ್ತದೆ. ಎರಡು ಅಳತೆಯ ವಾಷರ್, ಸೀಲ್, ಥ್ರೆಡ್ ಟೇಪು ಜೊತೆಗಿರಲಿ. ಸೋರಿಕೆ ಸಿಕ್ಕ ದಿನವೇ ಸರಿಮಾಡಿ. ಮುಂದಿನ ವಾರಕ್ಕೆ ಬಿಟ್ಟರೆ ಮಕ್ಕಳ ಹುರುಪು ಇಳಿದುಹೋಗುತ್ತದೆ. ರಿಜಿಸ್ಟರ್ ಮೇಷ್ಟ್ರ ಬೀರುವಿನಲ್ಲಿ ಬೇಡ, ಟ್ಯೂಬಿನ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿ, ಪೆನ್ಸಿಲ್ ಸಮೇತ.